ಇಪ್ಪತ್ತಾರು ಮನೆಗಳ ಮನೆಮಾತು

ಕಾರ್ಯದರ್ಶಿಯವರನ್ನು ನಾನು ಮೊದಲ ಸಭೆಯಿಂದಲೇ ನಂಬಿರಲಿಲ್ಲ. ನಂಬದಿರಲು ಕಾರಣಗಳಿದ್ದವು. ಆದರೆ ಕಾರಣಗಳು ಸಿಗುವ ಮೊದಲೇ ಅಪನಂಬಿಕೆ ಇತ್ತು ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡು ಮುಂದುವರಿಯುತ್ತೇನೆ. ಆ ಬೇಸಿಗೆಯಲ್ಲಿ ನಡೆದದ್ದಕ್ಕೆಲ್ಲ ಅದೇ ಮೂಲ.

ಮುಂಬೈಯ ಭಾಂಡುಪಿನಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಸಂಸ್ಥೆಯ ಕನ್ನಡ ಮಾಧ್ಯಮ ಶಾಲೆಯಿದೆ. ಸಂಸ್ಥೆಯನ್ನು ಕಟ್ಟಿದವರು ಕರಾವಳಿಯಿಂದ ಬಂದ ಹೋಟೆಲ್ ಮಾಲಕರು. ಈಗ ಅಲ್ಲಿ ಓದುವವರು ವಿಜಯಪುರ, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಟ್ರಸ್ಟಿಗಳ ಮಕ್ಕಳು ಒಂದು ತಲೆಮಾರಿನ ಹಿಂದೆಯೇ ಇಂಗ್ಲಿಷ್ ಶಾಲೆಗಳಿಗೆ ಹೋಗಿಯಾಗಿತ್ತು. ಕುರ್ಲಾದಲ್ಲಿ ಮನೆ ಮಾಡಿಕೊಂಡು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಶಾಲಾ ಸಮಿತಿಗೆ ಸೇರಿಸಿಕೊಂಡದ್ದು ಒಂದು ಸಮಾರಂಭದಲ್ಲಿ ನಾನು ಮಾತೃಭಾಷೆಯ ಬಗ್ಗೆ ಗಟ್ಟಿಯಾಗಿ ಮಾತನಾಡಿದೆನೆಂದು. ಸಮಿತಿ ಸೇರುತ್ತಿದ್ದುದು ಬೈಕುಲ್ಲಾದಲ್ಲಿ, ಕಾರ್ಯದರ್ಶಿಯವರ ಹೋಟೆಲಿನ ಮೇಲಿನ ಕೋಣೆಯಲ್ಲಿ.

ಆ ವರ್ಷ ಸಮಿತಿಯ ಮುಂದಿದ್ದ ಪ್ರಶ್ನೆ ಒಂದೇ: ನಾಲ್ಕನೆಯ ತರಗತಿ ಮುಗಿಸುವ ಇಪ್ಪತ್ತಾರು ಮಕ್ಕಳಿಗೆ ಜೂನ್‌ನಲ್ಲಿ ಐದನೆಯ ತರಗತಿ ಇರಬೇಕೋ ಬೇಡವೋ. ಹಿಂದಿನ ವರ್ಷ ಹನ್ನೊಂದು ಮಕ್ಕಳಷ್ಟೇ ಉಳಿದು ಐದನೆಯದು ಮುಚ್ಚಿಹೋಗಿತ್ತು. ನಾನು ದ್ವಿಭಾಷಾ ತರಗತಿಯ ಯೋಜನೆ ಮುಂದಿಟ್ಟಿದ್ದೆ. ಗಣಿತ, ವಿಜ್ಞಾನಗಳ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಉಳಿದ ವಿಷಯಗಳು ಪೂರ್ತಿ ಕನ್ನಡದಲ್ಲಿ. ಮುಂಬೈಯಲ್ಲಿ ಇದನ್ನು ಎಲ್ಲರೂ ‘ಸೆಮಿ’ ಎನ್ನುತ್ತಾರೆ. ಕಾರ್ಯದರ್ಶಿಯವರ ಅಭಿಪ್ರಾಯ ಬೇರೆ. ಐದನೆಯದು ಬೇಡ, ಮಕ್ಕಳು ಬೇಕಾದ ಶಾಲೆಗೆ ಹೋಗಲಿ, ಖಾಲಿಯಾಗುವ ಕೋಣೆಗಳಲ್ಲಿ ಇಂಗ್ಲಿಷ್ ಶಿಶುವಿಹಾರ ತೆರೆಯೋಣ ಎಂದು.

“ನೀವು ಚಂದ ಮಾತಾಡ್ತೀರಿ ಮೇಡಂ,” ಎಂದರು ಅವರು, ಕಾಫಿಯ ಲೋಟವನ್ನು ನನ್ನತ್ತ ಸರಿಸುತ್ತ. “ಆದ್ರೆ ಆ ಮಕ್ಕಳ ಮನೆಯಲ್ಲಿ ಈಗ ಕನ್ನಡ ಉಂಟಾ? ಹಿಂದಿ ಮಾತಾಡ್ತಾರೆ ಮಾರಾಯ್ರೆ. ಇಲ್ಲದ ಭಾಷೆಗೆ ನಾವು ಎಂತ ಶಾಲೆ ನಡೆಸುವುದು?”

“ಇದೆಯೋ ಇಲ್ಲವೋ ಎಂದು ಯಾರಾದರೂ ಕೇಳಿದ್ದೀರಾ?”

“ನೀವೇ ಕೇಳಿ. ಇಪ್ಪತ್ತು ಮನೆಯವ್ರು ಕನ್ನಡ ಉಂಟು, ಸೆಮಿ ಬೇಕು ಅಂತ ಬರೆದು ಕೊಡ್ಲಿ. ನಾನೇ ಬಂದು ಐದನೇದರ ಬೀಗ ತೆಗೀತೇನೆ.”

ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಸರಿಕಾಣಲಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತ ಮೊದಲ ಪಾಠವೇ ಇದು: ಎದುರಾಳಿ ತಾನಾಗಿ ನೆಲ ಬಿಟ್ಟುಕೊಟ್ಟರೆ ಆ ನೆಲವನ್ನು ಮೊದಲು ಪರೀಕ್ಷಿಸಬೇಕು. ಅವರು ಹೋಟೆಲಿನ ಜೊತೆಗೆ ಇತ್ತೀಚೆಗೆ ಕಟ್ಟಡಗಳ ವ್ಯವಹಾರಕ್ಕೂ ಕೈಹಾಕಿದ್ದರೆಂದು ಕೇಳಿದ್ದೆ. ಶಾಲೆಯ ಸುತ್ತಲಿನ ಗುಡ್ಡದಲ್ಲಿ ಹಳೆಯ ವಸತಿಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಮಾತು ನಡೆಯುತ್ತಿತ್ತು. ಈ ಎರಡು ಸಂಗತಿಗಳನ್ನು ನಾನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡೆ.

ಸಮೀಕ್ಷೆಗೆ ಮೊದಲು ಶಾಲೆಯ ಕಬ್ಬಿಣದ ಕಪಾಟಿನಲ್ಲಿದ್ದ ಹಳೆಯ ನಡಾವಳಿ ಪುಸ್ತಕಗಳನ್ನು ಓದಲು ಕೇಳಿಕೊಂಡೆ. ನಾಲ್ಕು ಪುಸ್ತಕಗಳಿದ್ದವು, ಹೊಲಿಗೆ ಬಿಚ್ಚಿದವು. ಮೊದಲನೆಯದರಲ್ಲಿ ಹೋಟೆಲ್ ಕೆಲಸಗಾರರಿಗಾಗಿ ನಡೆಯುತ್ತಿದ್ದ ಸಂಜೆ ತರಗತಿಯ ಕಾಲದ ಚರ್ಚೆ: ಕೆಲಸಗಾರರಿಗೆ ಕನ್ನಡ ಸಾಕೇ, ನಾಲ್ಕಕ್ಷರ ಇಂಗ್ಲಿಷೂ ಬೇಕೇ. ಬೇಕೆಂದವರು, ಇಂಗ್ಲಿಷ್ ಬಾರದವನು ಜೀವನವಿಡೀ ಅಡುಗೆಮನೆಯಲ್ಲೇ ಉಳಿಯುತ್ತಾನೆ ಎಂದಿದ್ದರು. ಬೇಡವೆಂದವರು, ಇಂಗ್ಲಿಷ್ ಬಂದವನು ಊರಿಗೆ ಪತ್ರ ಬರೆಯುವುದನ್ನು ನಿಲ್ಲಿಸುತ್ತಾನೆ ಎಂದಿದ್ದರು. ಎರಡನೆಯ ಪುಸ್ತಕದ ಹೊತ್ತಿಗೆ ಹಗಲು ಶಾಲೆ ಬಂದಿತ್ತು. ಚರ್ಚೆಗೆ ಮರಾಠಿಯೂ ಸೇರಿತ್ತು. ಮೂರನೆಯದರಲ್ಲಿ ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕೆಂಬ ಬಗ್ಗೆ ಒಂದು ಠರಾವು, ಮೂರು ಸಭೆಗಳ ನಂತರ ಅದನ್ನು ರದ್ದುಮಾಡುವ ಇನ್ನೊಂದು ಠರಾವು, ಆಮೇಲೆ ರದ್ದತಿಯನ್ನೇ ರದ್ದುಮಾಡುವ ಮತ್ತೊಂದು. ಸರ್ಕಾರದ ನೀತಿ ಬದಲಾದಾಗಲೆಲ್ಲ ಅದೇ ಎರಡು ವಾದಗಳು ಹೊಸ ಶಾಯಿಯಲ್ಲಿ ಮರಳಿ ಬಂದಿದ್ದವು. ನನ್ನ ಸಮಾರಂಭದ ಭಾಷಣದ ಮುಖ್ಯ ಅಂಶಗಳೆಲ್ಲ ಎರಡನೆಯ ಪುಸ್ತಕದಲ್ಲಿ, ನನಗಿಂತ ಒಳ್ಳೆಯ ಕನ್ನಡದಲ್ಲಿ ಆಗಲೇ ಇದ್ದವು.

ಆ ನಾಲ್ಕೂ ಪುಸ್ತಕಗಳಲ್ಲಿ ಎಲ್ಲಿಯೂ ಒಬ್ಬ ತಾಯಿಯ ಮಾತಿರಲಿಲ್ಲ, ಒಬ್ಬ ತಂದೆಯ ಮಾತೂ ಇರಲಿಲ್ಲ. ಪಾಲಕರ ಪರವಾಗಿ ಎಲ್ಲರೂ ಮಾತಾಡಿದ್ದರು. ಪಾಲಕರನ್ನು ಯಾರೂ ಕೇಳಿರಲಿಲ್ಲ. ಈ ಕೊರತೆಯನ್ನು ನನ್ನ ಸಮೀಕ್ಷೆ ತುಂಬಬೇಕೆಂದು ನಿಶ್ಚಯಿಸಿದೆ. ಕಾರ್ಯದರ್ಶಿಯವರ ಕೈ ಅದರೊಳಗೆ ಸೇರದಂತೆ ನೋಡಿಕೊಳ್ಳಬೇಕೆಂದೂ ನಿಶ್ಚಯಿಸಿದೆ.

ಫಾರ್ಮು ಸಿದ್ಧಪಡಿಸಲು ಹತ್ತು ದಿನ ಹಿಡಿಯಿತು. ಒಂಬತ್ತು ಪ್ರಶ್ನೆಗಳು, ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಮೂರನೆಯದು ಮನೆಮಾತು. ನಾಲ್ಕನೆಯದು ಮೂಲ ಊರು. ಐದನೆಯದು ಮುಂಬೈಗೆ ಬಂದ ವರ್ಷ. ವಲಸೆ ಬಂದ ಎಷ್ಟು ಕಾಲದವರೆಗೆ ಮನೆಯಲ್ಲಿ ಭಾಷೆ ಉಳಿಯುತ್ತದೆಂಬುದನ್ನು ತಿಳಿಯುವ ಆಸೆ ನನಗಿತ್ತು. ಒಂಬತ್ತನೆಯದು ಐದನೆಯ ತರಗತಿಗೆ ಪಾಲಕರ ಆಯ್ಕೆ. ಪ್ರತಿ ಫಾರ್ಮಿಗೂ ಕ್ರಮಸಂಖ್ಯೆ. ಯಾರೂ ಒಂದು ಫಾರ್ಮನ್ನು ತೆಗೆದು ಇನ್ನೊಂದನ್ನು ಇಡದಂತೆ ಕಾರ್ಬನ್ ಹಾಳೆಯಿಟ್ಟು ಎರಡು ಪ್ರತಿ. ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಇಲ್ಲದ ಮನೆಯ ಹೆಸರು ನುಸುಳದಿರಲೆಂದು, ಭೇಟಿ ಕೊಟ್ಟ ಪ್ರತಿ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಅದೇ ಕ್ರಮಸಂಖ್ಯೆ.

ಮುಖ್ಯೋಪಾಧ್ಯಾಯಿನಿ ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಫಾರ್ಮನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಭಾಳ ಛಲೋ ಮಾಡೀರಿ ಮೇಡಂ. ಖರೇ, ಇಷ್ಟೆಲ್ಲಾ ಕೇಳಬೇಕೇನು?”

“ಬಿಗಿಯಾಗಿರಬೇಕು. ಆಮೇಲೆ ಯಾರೂ ತಿರುಚಬಾರದಲ್ಲ.”

“ಬಿಗಿ ಏನೋ ಆಗೇದ,” ಎಂದರು ಅವರು. ಆ ಮಾತನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಎರಡು ಭಾನುವಾರ ಗುಡ್ಡ ಹತ್ತಿದೆ. ಓಣಿಗಳು ಮೆಟ್ಟಿಲುಗಳೇ, ಒಂದು ಮನೆಯ ಹೊಸ್ತಿಲು ಇನ್ನೊಂದರ ತಗಡಿನ ಸೂರಿನ ಮಟ್ಟಕ್ಕಿರುತ್ತದೆ. ಹೆಂಗಸರು ನೀರು ಕೊಟ್ಟರು, ಕೂರಲು ಪ್ಲಾಸ್ಟಿಕ್ ಕುರ್ಚಿ ತಂದರು, ನನ್ನನ್ನು ‘ಅಕ್ಕೋರು’ ಎಂದು ಕರೆದರು. ಅವರ ಸೀಮೆಯಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಆದರೆ ಫಾರ್ಮು ಹೊರಬಂದೊಡನೆ ಪ್ರತಿ ಮನೆಯಲ್ಲೂ ಒಂದೇ ಉತ್ತರ: ಬಿಟ್ಟು ಹೋಗ್ರಿ, ಬರಿಸಿ ಕೊಡ್ತೀವಿ. ನಾನೇ ಕೇಳಿ ಬರೆದುಕೊಳ್ಳುತ್ತೇನೆಂದರೆ, ಮನೆಯವರು ಬರಲಿ ಎನ್ನುತ್ತಿದ್ದರು. ಒಬ್ಬ ತಾಯಿ ಮಾತ್ರ ಬಾಗಿಲಲ್ಲಿ ನಿಂತು, ನಾನು ಚೌಕಟ್ಟಿನ ಮೇಲೆ ಹದಿನೇಳು ಎಂದು ಬರೆಯುವುದನ್ನು ಕೊನೆಯವರೆಗೂ ನೋಡಿದಳು.

“ಇದು ಯಾಕ್ರೀ?”

“ಮನೆ ಗುರುತಿಗೆ.”

“ನಮ್ಮನಿ ನಮಗ ಗುರ್ತೈತಲ್ರೀ,” ಎಂದಳು ಅವಳು, ನಗದೆ.

ಅವಳ ಮಗಳು ನಾಲ್ಕನೆಯ ತರಗತಿಯಲ್ಲಿ ಗಣಿತಕ್ಕೆ ಮುಂದು. ಅದಕ್ಕೆ ಹಿಂದಿನ ವಾರ ನಾನು ಮಾದರಿ ಪಾಠವೊಂದನ್ನು ಮಾಡಿ ತೋರಿಸಿದ್ದಾಗ, ಇಂಗ್ಲಿಷ್ ಪುಸ್ತಕದ ಲೆಕ್ಕವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಗೊಣಗಿಕೊಂಡು, ಹಿಂದಿಯಲ್ಲಿ ಎಣಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿದವಳು ಇವಳೇ. ಐದನೆಯದು ತೆರೆಯದಿದ್ದರೆ ಅವಳನ್ನು ವಿಜಯಪುರದ ಕಡೆಯ ಹಳ್ಳಿಗೆ, ಅಜ್ಜಿಯ ಮನೆಗೆ ಕಳಿಸುವುದೆಂದು ನಿರ್ಧಾರವಾಗಿತ್ತು. ಬೇರೆ ಶಾಲೆಗಳಲ್ಲಿ ಕೇಳಿಯಾಗಿತ್ತು, ಸೀಟು ಸಿಕ್ಕಿರಲಿಲ್ಲ. ಇದನ್ನು ನನಗೆ ಹೇಳಿದ್ದು ಮುಖ್ಯೋಪಾಧ್ಯಾಯಿನಿ. ತಾಯಿ ನನ್ನೊಡನೆ ಅಷ್ಟು ಮಾತಾಡಲಿಲ್ಲ.

ಎರಡನೆಯ ಭಾನುವಾರ ಹೋದಾಗ, ಮೊದಲ ವಾರ ಬರೆದಿದ್ದ ಸಂಖ್ಯೆಗಳು ಒಂದು ಬಾಗಿಲ ಮೇಲೂ ಉಳಿದಿರಲಿಲ್ಲ. ಮರದ ಮೇಲೆ ಒದ್ದೆ ಬಟ್ಟೆಯ ಗೀಟುಗಳಿದ್ದವು. ಯಾರೋ ನನ್ನ ಕೆಲಸವನ್ನು ಕೆಡಿಸುತ್ತಿದ್ದಾರೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಆ ಯಾರೋ ಎಂಬವರ ಮುಖವೂ ಕಣ್ಣ ಮುಂದಿತ್ತು. ಸಂಖ್ಯೆಗಳನ್ನು ಮತ್ತೆ ಬರೆದೆ, ಈ ಸಲ ಸ್ವಲ್ಪ ಒತ್ತಿ.

ಇಪ್ಪತ್ತಾರು ಫಾರ್ಮುಗಳೂ ಗುರುವಾರದೊಳಗೆ ಮಕ್ಕಳ ಕೈಯಲ್ಲಿ ಶಾಲೆಗೆ ಬಂದವು. ಅಷ್ಟು ವೇಗವೇ ಮೊದಲ ಸಂಶಯ. ಶನಿವಾರ ಅವನ್ನು ತೆರೆದಾಗ ಸಂಶಯ ಅಲ್ಲಿಗೇ ನಿಲ್ಲಲಿಲ್ಲ. ಎಲ್ಲ ಫಾರ್ಮುಗಳೂ ಒಂದೇ ಕೈಯಲ್ಲಿ, ನೀಲಿ ಶಾಯಿಯಲ್ಲಿ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ್ದವು. ಮನೆಮಾತು: ಇಪ್ಪತ್ತೆರಡು ಕಡೆ ಮರಾಠಿ, ನಾಲ್ಕು ಕಡೆ ಹಿಂದಿ. ಮೂಲ ಊರು: ಮುಂಬೈ. ಬಂದ ವರ್ಷ: ಎಲ್ಲದರಲ್ಲೂ ಒಂದೇ ವರ್ಷ, ಇಪ್ಪತ್ತಾರು ಸಂಸಾರಗಳೂ ಒಂದೇ ರೈಲಿನಿಂದ ಇಳಿದಂತೆ. ಆ ಲೆಕ್ಕದಲ್ಲಿ ಕೆಲವು ತಾಯಂದಿರು ಹುಟ್ಟುವ ಮೊದಲೇ ಮುಂಬೈಗೆ ಬಂದಿದ್ದರು. ಒಂಬತ್ತನೆಯ ಪ್ರಶ್ನೆಗೆ, ಪಾಲಕರ ಆಯ್ಕೆಗೆ, ಎಲ್ಲರದೂ ಒಂದೇ ಉತ್ತರ: ಸಂಸ್ಥೆಯ ನಿಯಮದಂತೆ.

ಸಹಿಗಳು ಮತ್ತು ಹೆಬ್ಬೆಟ್ಟುಗಳು ಮಾತ್ರ ಬೇರೆಬೇರೆ ಇದ್ದವು. ಜನರ ಸಹಿ ಬಿದ್ದ ಮೇಲೆ ಬೇರೆ ಯಾರೋ ಉತ್ತರ ತುಂಬಿದ್ದಾರೆಂದು ಊಹಿಸಲು ನನಗಷ್ಟೇ ಸಾಕಾಯಿತು. ಫಾರ್ಮುಗಳು ಎರಡು ದಿನ ಶಾಲೆಯ ಕಪಾಟಿನಲ್ಲಿದ್ದವು. ಕಪಾಟಿನ ಇನ್ನೊಂದು ಕೀಲಿ ಕಾರ್ಯದರ್ಶಿಯವರ ಹೋಟೆಲಿನಲ್ಲಿತ್ತು. ಸಭೆಯ ಸೂಚನಾಪತ್ರಗಳನ್ನು ಅವರು ಬರೆಸುತ್ತಿದ್ದುದೂ ನೀಲಿ ಶಾಯಿಯ ದೊಡ್ಡ ಅಕ್ಷರಗಳಲ್ಲಿ. ಒಂದು ಸೂಚನಾಪತ್ರವನ್ನೂ ಒಂದು ಫಾರ್ಮನ್ನೂ ಕಿಟಕಿಯ ಗಾಜಿಗೆ ಹಿಡಿದು ಅಕ್ಷರಗಳನ್ನು ಹೋಲಿಸಿದೆ. ಹೋಲುತ್ತವೆ ಎಂದು ತೀರ್ಮಾನಿಸಿಕೊಂಡೆ. ದೊಡ್ಡ ಅಕ್ಷರಗಳು ಯಾರು ಬರೆದರೂ ಅಷ್ಟಿಷ್ಟು ಹೋಲುತ್ತವೆಂಬುದು ಅಂದು ಹೊಳೆಯಲಿಲ್ಲ.

ಸಭೆ ಮುಂದಿನ ಶುಕ್ರವಾರ. ಹನ್ನೊಂದು ಅಂಶಗಳ ಆರೋಪಪತ್ರವೊಂದನ್ನು ಬರೆದೆ. ಲೋಕಲ್ ರೈಲಿನಲ್ಲಿ ನಿಂತು ಅದನ್ನು ಬಾಯಿಪಾಠ ಮಾಡಿದೆ. ಮುಖ್ಯೋಪಾಧ್ಯಾಯಿನಿಗೆ ಓದಿ ಹೇಳಿದಾಗ ಅವರು ಮೇಜಿನ ಮೇಲಿನ ಫಾರ್ಮುಗಳನ್ನು ಅಂಚು ಕೂಡಿಸಿ ಇಟ್ಟರು.

“ಅವರು ಮಾಡಿದ್ರೂ ಮಾಡಿರಬಹುದು. ನಾ ಇಲ್ಲ ಅನ್ನೂದಿಲ್ಲ. ಖರೇ, ಹೇಳೋಕಿಂತ ಮೊದಲ ಒಂದ ಮನಿಗಾದ್ರೂ ಹೋಗಿ ಕೇಳಿ ಬರ್ರಿ. ಆ ಹುಡುಗಿ ಅವ್ವ ಸುಳ್ಳ ಹೇಳೂ ಪೈಕಿ ಅಲ್ಲ.”

“ಸಾಕ್ಷಿ ಹೇಳುತ್ತಾಳೆಂದು ನಿಮಗನ್ನಿಸುತ್ತದೆಯೇ?”

“ಸಾಕ್ಷಿ ಗೀಕ್ಷಿ ಬ್ಯಾಡ್ರಿ. ಬರೇ ಕೇಳ್ರಿ.”

ಬುಧವಾರ ಸಂಜೆ ಹೋದೆ. ತಾಯಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ಕಾಲಿಗೆ ಇನ್ನೂ ಸಿಮೆಂಟು. ಬೆಳಗ್ಗೆ ಕೂಲಿಯವರು ನಿಲ್ಲುವ ನಾಕಾದಲ್ಲಿ ನಿಂತು ಅಂದಂದಿನ ಕೆಲಸ ಹಿಡಿಯುವವಳು ಅವಳು. ಹದಿನೇಳನೆಯ ಫಾರ್ಮನ್ನು ಅವಳ ಮುಂದಿಟ್ಟು, ಇದನ್ನು ಬರೆದವರು ಯಾರೆಂದು ಕೇಳಿದೆ. ಅವಳು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಯಾಕ್ರೀ, ತಪ್ಪ ಬರದಾನೇನು?”

“ಯಾರು?”

“ಝೆರಾಕ್ಸ್ ಅಂಗಡಿಯಾಂವ. ನಮ್ಮ ಮಂದೀದು ಕಾಗದಾ ಎಲ್ಲಾ ಅವನ ಬರೀತಾನ.”

“ನಿಮ್ಮ ಮನೆಯಲ್ಲಿ ಮರಾಠಿ ಮಾತಾಡುತ್ತೀರಾ?”

“ಈಗ ಯಾವದ್ರಾಗ ಮಾತಾಡಾಕತ್ತೀನಿ?”

“ಮತ್ತೆ ಮರಾಠಿ ಎಂದು ಏಕೆ ಬರೆಸಿದಿರಿ?”

ಅವಳು ಒಳಗೆ ಹೋಗಿ ಕಾಲು ತೊಳೆದು ಬಂದು ಹೊಸ್ತಿಲ ಮೇಲೆ ಕುಳಿತಳು. ಆಮೇಲೆ ಮಾತಾಡಿದಳು, ಓಣಿಯ ಎರಡೂ ಬದಿ ನೋಡಿಕೊಂಡು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನೀವು ಬಂದ್ರಿ, ಬಾಗಲಾ ಮ್ಯಾಲ ನಂಬರ್ ಹಾಕಿದ್ರಿ. ಊರು ಯಾವದು ಅಂದ್ರಿ, ಯಾವ ಸಾಲಿನ್ಯಾಗ ಬಂದೀರಿ ಅಂದ್ರಿ, ಹೆಬ್ಬಟ್ಟು ಒತ್ತಿಸಿದ್ರಿ. ನಾವು ಮೊದಲಿದ್ದ ಜಾಗಾದಾಗ ಒಬ್ರು ಹಿಂಗ ಬಂದಿದ್ರು. ಇದ ನಂಬರು, ಇದ ಕಾಗದಾ. ನಾವು ಖರೇ ಬರಿಸಿದ್ವಿ. ಮುಂದ ಲಿಸ್ಟಿನ್ಯಾಗ ‘ಅಪಾತ್ರ’ ಅಂತ ಬಂತು. ಹದಿನೈದು ದಿನದಾಗ ಮನೀನ ಇರಲಿಲ್ಲ.”

ಮುಂಬೈಯ ವಸತಿಗಳಲ್ಲಿ ಆ ಪದವನ್ನು ಮಕ್ಕಳೂ ಬಲ್ಲರು. ಸರ್ಕಾರ ಗೊತ್ತುಮಾಡಿದ ವರ್ಷಕ್ಕಿಂತ ಮೊದಲು ಬಂದ ಪುರಾವೆ ಇದ್ದವರು ಪಾತ್ರರು, ವಸತಿ ಕೆಡವಿದಾಗ ಅವರಿಗೆ ಬದಲಿ ಮನೆ, ಇಲ್ಲದವರು ಅಪಾತ್ರರು.

“ನಾನು ಶಾಲೆಯಿಂದ ಬಂದವಳು ಎಂದು ಹೇಳಿದೆನಲ್ಲ.”

“ಅವ್ರೂ ಹೇಳಿದ್ರು, ಹೆಲ್ತ್ ಸರ್ವೆ ಅಂತ,” ಎಂದಳು. “ನಿಮ್ಮ ಹಂಗ ಭಾಳ ನಗ್ತಿದ್ರು ಅವ್ರು.”

“ಬಾಗಿಲ ಮೇಲಿನ ನಂಬರು ಒರೆಸಿದ್ದು?”

“ನಾವ ಒರಿಸಿದ್ವಿ. ನೀವು ಮತ್ತ ಬಂದು ಮತ್ತ ಬರದ್ರಿ. ಇವ್ರು ಪಕ್ಕಾ ಅದಾರಪಾ ಅಂದ್ವಿ.”

ಅವಳೇ ನನ್ನನ್ನು ಝೆರಾಕ್ಸ್ ಅಂಗಡಿಗೆ ಕರೆದೊಯ್ದಳು. ಮೆಟ್ಟಿಲ ಬುಡದಲ್ಲಿ ಒಂದು ಯಂತ್ರ, ಒಂದು ಸ್ಟೂಲು. ಕಲಬುರಗಿ ಕಡೆಯ ನಡುವಯಸ್ಸಿನ ಮನುಷ್ಯ. ನಾನು ಯಾರೆಂದು ಹೇಳದೆ ಖಾಲಿ ಫಾರ್ಮೊಂದನ್ನು ಕೊಟ್ಟೆ. ಅವನು ಹೆಸರು ಮಾತ್ರ ಕೇಳಿದ. ಉಳಿದದ್ದನ್ನು ತಲೆಯೆತ್ತದೆ ತುಂಬಿದ: ಮರಾಠಿ, ಮುಂಬೈ, ಅದೇ ವರ್ಷ, ಸಂಸ್ಥೆಯ ನಿಯಮದಂತೆ. ನೀಲಿ ಶಾಯಿ, ದೊಡ್ಡ ಅಕ್ಷರ.

“ನಾನಿನ್ನೂ ಏನನ್ನೂ ಹೇಳಲಿಲ್ಲವಲ್ಲ,” ಎಂದೆ.

“ಹೇಳೂದು ಏನದರೀ ಅದರಾಗ? ಇವು ಸೇಫ್ ಉತ್ತರ.”

“ಒಂಬತ್ತನೆಯದು ಸೇಫ್ ಅಲ್ಲ. ಅಲ್ಲಿ ಸೆಮಿ ಬೇಕು ಎಂದು ಬರೆಯದಿದ್ದರೆ ಈ ಮಕ್ಕಳಿಗೆ ಐದನೆಯ ತರಗತಿಯೇ ಇರುವುದಿಲ್ಲ.”

ಅವನು ಮೊದಲ ಸಲ ತಲೆಯೆತ್ತಿ, ತಾಯಿಯನ್ನು ನೋಡಿ, ಇವರೇನಾ ಎಂಬಂತೆ ಗದ್ದ ಎತ್ತಿದ. ಅವಳು ಹೌದೆಂದಳು.

“ಮೇಡಂ, ಫಾರ್ಮಿನ್ಯಾಗ ಬೇಕು ಅಂತ ಬರದ್ರ ಯಾರ ಕೊಡ್ತಾರ್ರೀ? ನೀವು ಹೇಳಿದಂಗ ಅಂತ ಬರದ್ರ ಯಾರೂ ಸಿಟ್ಟ ಆಗೂದಿಲ್ಲ. ಇಪ್ಪತ್ತ ವರ್ಷ ಆತು, ಹಿಂಗ ಬರಕೋತ ಬಂದೀನಿ. ನಮ್ಮ ಮಂದಿಗಿ ಮನಿಗೊಂದು ಭಾಷಾ, ಕಾಗದಕ್ಕೊಂದು ಭಾಷಾ. ಎರಡೂ ಕೂಡಸಬಾರದು.”

ದ್ವಿಭಾಷೆಯ ಬಗ್ಗೆ ನಾನು ಓದಿದ ಯಾವ ನೀತಿಪತ್ರದಲ್ಲೂ ಈ ವಿಭಜನೆ ಇರಲಿಲ್ಲ. ನನ್ನ ಫಾರ್ಮು ಅವೆರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಲು ಹೋಗಿತ್ತು. ಕಾರ್ಬನ್, ಹೆಬ್ಬೆಟ್ಟು, ಸೀಮೆಸುಣ್ಣ ಎಲ್ಲವೂ ಒಬ್ಬ ಮನುಷ್ಯನ ಮೇಲಿನ ನನ್ನ ಅಪನಂಬಿಕೆಯಿಂದ ಹುಟ್ಟಿದವು. ಗುಡ್ಡ ಹತ್ತುವಷ್ಟರಲ್ಲಿ ಅವೇ ಇಪ್ಪತ್ತಾರು ಮನೆಗಳಿಗೆ ನನ್ನ ಮೇಲಿನ ಅಪನಂಬಿಕೆಯಾಗಿದ್ದವು.

ಗುರುವಾರ ಮುಖ್ಯೋಪಾಧ್ಯಾಯಿನಿಯೊಡನೆ ಕುಳಿತು ಉಳಿದ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಹೊಸ ಫಾರ್ಮು ತುಂಬಿಸಲು ಸಮಯವಿರಲಿಲ್ಲ, ಇನ್ನೊಮ್ಮೆ ಹೆಬ್ಬೆಟ್ಟು ಒತ್ತುವವರೂ ಇರಲಿಲ್ಲ. ಮೂರನೆಯ ಮತ್ತು ಒಂಬತ್ತನೆಯ ಉತ್ತರಗಳನ್ನು ನಾವೇ ತಿದ್ದಬಹುದಿತ್ತು. ಆ ಯೋಚನೆ ಇಬ್ಬರ ತಲೆಗೂ ಬಂದದ್ದು ಇಬ್ಬರಿಗೂ ತಿಳಿಯಿತು. ಅವರು ಮೇಜಿನ ಮೇಲಿದ್ದ ಪೆನ್ನನ್ನು ಡ್ರಾಯರಿಗೆ ಹಾಕಿದರು. ಮೂರನೆಯ ದಾರಿ ಸಭೆಯಲ್ಲಿ ನಿಜ ಹೇಳುವುದು: ಇವರು ಭಯದಿಂದ ತಪ್ಪು ಉತ್ತರ ಕೊಟ್ಟಿದ್ದಾರೆ, ಇವರು ನಿಜವಾಗಿ ಕನ್ನಡದವರು ಎಂದು. ತರಗತಿ ಉಳಿಯಬಹುದಿತ್ತು. ಆದರೆ ಹೇಳಿದ್ದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಇಂತಿಂಥ ಇಪ್ಪತ್ತಾರು ಮನೆಯವರು ಬಂದ ವರ್ಷವನ್ನು ಸುಳ್ಳು ಬರೆಸಿದ್ದಾರೆಂದು ನನ್ನ ಸಹಿಯೊಡನೆ ದಾಖಲಾಗುತ್ತದೆ. ಕಟ್ಟಡ ವ್ಯವಹಾರದ ಮನುಷ್ಯರೊಬ್ಬರ ಮೇಜಿನ ಮೇಲೆ ಆ ಪುಸ್ತಕ ಇರುತ್ತದೆ.

“ನೀವೇನ್ ಮಾಡ್ತೀರಿ?” ಎಂದು ಅವರು ಕೇಳಿದರು.

ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಶುಕ್ರವಾರ ಬೈಕುಲ್ಲಾದಲ್ಲಿ ಮುಖ್ಯೋಪಾಧ್ಯಾಯಿನಿಯೂ ಸೇರಿ ಏಳು ಮಂದಿ ಇದ್ದರು. ಸಮೀಕ್ಷೆಯ ವಿಷಯ ಬಂದೊಡನೆ ಕಾರ್ಯದರ್ಶಿ ಕುರ್ಚಿಗೆ ಒರಗಿದರು.

“ಎಂತಾಯ್ತು ಮೇಡಂ? ಇಪ್ಪತ್ತು ಸಿಕ್ಕಿತಾ?”

ಹನ್ನೊಂದು ಅಂಶಗಳ ಹಾಳೆ ಇನ್ನೂ ನನ್ನ ಚೀಲದಲ್ಲಿತ್ತು. ಅದರಲ್ಲಿ ಒಂದು ವಾಕ್ಯವೂ ಕೆಲಸಕ್ಕೆ ಬಾರದು. ಎದ್ದು ನಿಂತು ಹೇಳಿದೆ: “ಪ್ರಶ್ನಾವಳಿಯಲ್ಲಿ ದೋಷವಿದೆ. ದೋಷ ನನ್ನದು. ಸಮೀಕ್ಷೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.”

ಯಾರೋ ಸಣ್ಣಗೆ ಕೆಮ್ಮಿದರು. ಕಾರ್ಯದರ್ಶಿ ಮುಂದೆ ಬಾಗಿದರು.

“ಎಂತ ದೋಷ?”

“ಕೇಳಬಾರದ್ದನ್ನು ಕೇಳಿದ್ದೆ.”

“ಆಯ್ತು, ಆದ್ರೂ ಜನ ಎಂತ ಬರೆದಿದ್ದಾರೆ ಅಂತ ನೋಡುವ. ಫಾರ್ಮುಗಳನ್ನು ಇಲ್ಲಿ ಕೊಡಿ, ಫೈಲಿಗೆ ಆಗ್ತದೆ.”

“ಹಿಂದಕ್ಕೆ ತೆಗೆದುಕೊಂಡದ್ದು ಫೈಲಿಗೆ ಬರುವುದಿಲ್ಲ.”

“ಸಂಸ್ಥೆಯ ಹೆಸರಲ್ಲಿ ಮಾಡಿದ್ದಲ್ವಾ ಮಾರಾಯ್ರೆ? ಸಂಸ್ಥೆಯಲ್ಲಿ ಇರ್ಬೇಕಲ್ಲ?”

ಆ ಸಂಜೆ ಅವರು ಮೂರು ಸಲ ಕೇಳಿದರು. ಅದು ಕೇವಲ ಕಾಗದ ಜೋಪಾನ ಮಾಡುವವರ ಅಭ್ಯಾಸವೋ, ಬೇರೇನಾದರೂ ಇತ್ತೋ, ನನಗೆ ಇಂದಿಗೂ ತಿಳಿಯದು. ಮೂರು ಸಲವೂ ಕೊಡುವುದಿಲ್ಲ ಎಂದೆ. ಚರ್ಚಾಕೂಟದ ಲೆಕ್ಕದಲ್ಲಿ ಅದು ಹೀನಾಯ ಸೋಲು. ನನ್ನ ಬಳಿ ಒಂದೇ ಒಂದು ವಾದವೂ ಉಳಿದಿರಲಿಲ್ಲ. ಕೊನೆಗೆ ಮುಖ್ಯೋಪಾಧ್ಯಾಯಿನಿ ಬಾಯಿ ತೆರೆದರು. ಆ ಕೋಣೆಯಲ್ಲಿ ಅವರು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಸರ್, ಕಾಗದಾ ಬಿಡ್ರಿ. ಬರೂ ಸೋಮವಾರ ಮುಂಜಾನೆ ಎಂಟಕ್ಕ ಸಾಲಿಗೆ ನೀವ ಬರ್ರಿ. ಐದನೇದಕ್ಕ ಇಪ್ಪತ್ತ ಹುಡುಗೂರು ಬಂದ ನಿಂತ್ರ ಬೀಗ ತಗೀರಿ. ನಿಲ್ಲಲಿಲ್ಲ ಅಂದ್ರ ನಾನ ನಿಮ್ಮ ಶಿಶುವಿಹಾರಕ್ಕ ಕುರ್ಚಿ ಹಾಕಿಸ್ತೀನಿ.”

ಕಾರ್ಯದರ್ಶಿ ನನ್ನ ಕಡೆ ನೋಡಿದರು, ಇದರ ಹಿಂದೆ ನನ್ನದೇನಾದರೂ ಹೂಟ ಇದೆಯೇ ಎಂಬಂತೆ. ಇರಲಿಲ್ಲ. “ಬರ್ತೇನೆ,” ಎಂದರು. “ಹತ್ತೂವರೆವರೆಗೆ ಕೂತ್ಕೊಳ್ತೇನೆ. ಆಮೇಲೆ ಕೇಳ್ಬೇಡಿ.”

ಶನಿವಾರ ಮತ್ತು ಭಾನುವಾರ ನಾನು ಫಾರ್ಮುಗಳನ್ನು ಮನೆಮನೆಗೆ ಹಿಂದಿರುಗಿಸಿದೆ. ಇದನ್ನು ವಿನಯದ ಕೆಲಸವೆಂದು ಯಾರೂ ಭಾವಿಸಬಾರದು. ಹೆಚ್ಚಿನ ಬಾಗಿಲುಗಳಲ್ಲಿ ನನಗೆ ನೀರು ಕೂಡ ಸಿಗಲಿಲ್ಲ. ಕೊಟ್ಟ ಹಾಳೆಯನ್ನು ತಿರುಗಿಸಿ ನೋಡಿ ಒಳಗಿಟ್ಟುಕೊಳ್ಳುತ್ತಿದ್ದರು. ಸೋಮವಾರ ಮಕ್ಕಳನ್ನು ಕಳಿಸಿ, ಯಾವ ಕಾಗದವೂ ಇಲ್ಲ ಎಂದರೆ, ನೋಡೂಣು ಎನ್ನುತ್ತಿದ್ದರು. ಹದಿನೇಳನೆಯ ಮನೆಯ ತಾಯಿ ಹಾಳೆಯನ್ನು ಬೆಳಕಿಗೆ ಹಿಡಿದಳು.

“ಇದು ಒಂದ ಐತಿ. ಎರಡಿದ್ವಲ್ರೀ?”

ಎರಡನೆಯ ಪ್ರತಿ ನನ್ನ ಕುರ್ಲಾದ ಮನೆಯಲ್ಲಿತ್ತು. ಅದು ಅಲ್ಲಿದ್ದರೂ ಏನೂ ಆಗದು ಎಂದು ನಾನೇ ಅಂದುಕೊಂಡಿದ್ದೆ. ಮರುದಿನ ಎಲ್ಲ ಎರಡನೆಯ ಪ್ರತಿಗಳನ್ನೂ ತಂದೆ. ಅವಳು ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಅಂಚು ಕೂಡಿಸಿದಳು.

“ನಡುವ ಒಂದ ಕರೀ ಹಾಳಿ ಇತ್ತು.”

ಕಾರ್ಬನ್ ಹಾಳೆಗಳು ಚೀಲದ ಪಕ್ಕದ ಖಾನೆಯಲ್ಲಿದ್ದವು. ಅವುಗಳಲ್ಲೂ ಅಕ್ಷರಗಳ ಅಚ್ಚು ಉಳಿಯುತ್ತದೆಂದು ನನಗಿಂತ ಮೊದಲು ಅವಳಿಗೆ ತಿಳಿದಿತ್ತು. ತೆಗೆದು ಕೊಟ್ಟೆ. ಎಲ್ಲ ಮನೆಗಳದ್ದನ್ನೂ ಅವಳೇ ಇಸಿದುಕೊಂಡಳು. ಒಲೆಯ ಪಕ್ಕ ಇಟ್ಟು, ನನ್ನನ್ನು ಒಳಗೆ ಕರೆಯದೆ, ಅಲ್ಲಿಂದಲೇ ಹೇಳಿದಳು:

“ನಾಳೆ ಬರ್ತೀನಿ ಅಂತ ನಾ ಹೇಳೂದಿಲ್ಲ, ಅಕ್ಕೋರ.”

ಸೋಮವಾರ ಎಂಟಕ್ಕೆ ಶಾಲೆಯ ಅಂಗಳದಲ್ಲಿ ಕಾರ್ಯದರ್ಶಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು, ಐದನೆಯ ತರಗತಿಯ ಕೀಲಿ ತೊಡೆಯ ಮೇಲೆ. ಎಂಟೂವರೆಗೆ ಒಂಬತ್ತು ಮಕ್ಕಳು. ಒಂಬತ್ತೂಕಾಲಿಗೆ ಹದಿಮೂರು. ಒಬ್ಬ ತಂದೆ ಗೇಟಿನ ಹೊರಗೆ ಮಗನ ಕೈ ಹಿಡಿದು ಬಹಳ ಹೊತ್ತು ನಿಂತು, ಯಾರಾದರೂ ಬರೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿ, ಆಮೇಲೆ ಹುಡುಗನನ್ನು ಒಳಗೆ ದೂಡಿ ಹೊರಟುಹೋದ. ಹದಿನಾಲ್ಕು. ಹತ್ತು ಗಂಟೆಯಾದರೂ ಹದಿನಾಲ್ಕೇ.

“ಮೇಡಂ,” ಎಂದರು ಕಾರ್ಯದರ್ಶಿ, ಅಷ್ಟೇನೂ ಕಠಿಣವಾಗಿ ಅಲ್ಲ, “ನೀವೂ ಒಂದು ಕುರ್ಚಿ ತಗೊಳ್ಳಿ. ನಿಂತ್ರೆ ಮಕ್ಕಳು ಜಾಸ್ತಿ ಆಗ್ತಾರಾ?”

ನಾನು ಕೂರಲಿಲ್ಲ. ಹತ್ತೂಕಾಲು ದಾಟಿದ ಮೇಲೆ ಮೆಟ್ಟಿಲುಗಳ ಕಡೆಯಿಂದ ಆ ತಾಯಿ ಬಂದಳು, ಕೆಲಸದ ಸೀರೆಯಲ್ಲಿ. ನಾಕಾಕ್ಕೆ ಹೋಗುವ ಹೊತ್ತು ಎಂದೋ ಮೀರಿತ್ತು. ಅವಳ ಹಿಂದೆ ಮಗಳು, ಮಗಳ ಹಿಂದೆ ಸಾಲಾಗಿ ಇನ್ನೂ ಆರು ಮಕ್ಕಳು. ಕಾರ್ಯದರ್ಶಿ ಎಣಿಸಿದರು. ಇಪ್ಪತ್ತೊಂದು.

“ಇವ್ರ ಅಪ್ಪ ಅಮ್ಮ ಎಲ್ಲಿ?” ಎಂದು ಕೇಳಿದರು.

“ಕೆಲಸಕ್ಕ ಹೋಗ್ಯಾರ್ರೀ. ನೀ ಕರಕೊಂಡ ಹೋಗು, ಏನಾರ ಬರಿಸಿಕೊಂಡ್ರ ತಿರುಗಿ ಕರಕೊಂಡ ಬಾ ಅಂದಾರ.”

“ಒಂದು ಸಹಿ ಆದ್ರೂ ಬೇಕಲ್ಲ ಮಾರಾಯ್ತಿ. ನಾಳೆ ಯಾರಾದ್ರೂ ಕೇಳಿದ್ರೆ?”

ತಾಯಿ ಮಕ್ಕಳ ಸಾಲಿನ ಕೊನೆಗೆ ಕೈ ಚಾಚಿದಳು, ತಿರುಗಿಸಿ ಕರೆದೊಯ್ಯುವವಳಂತೆ. ನನ್ನ ಬಾಯಿಗೆ ಒಂದು ದೀರ್ಘ ವಾಕ್ಯ ಬಂದಿತ್ತು, ಅದನ್ನು ನುಂಗಿದೆ. ಮುಖ್ಯೋಪಾಧ್ಯಾಯಿನಿ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಕಾರ್ಯದರ್ಶಿಯವರ ಅಂಗಿಯ ಜೇಬಿಗೆ ಸಿಕ್ಕಿಸಿದರು.

“ಸರ್, ಈ ಹುಡುಗೂರ ಹೆಸರು ನಾಲ್ಕ ವರ್ಷದಿಂದ ನಮ್ಮ ಹಾಜರಿ ಪುಸ್ತಕದಾಗ ಅದಾವ. ಹೊಸಾದು ಏನೂ ಬ್ಯಾಡ. ನಿಮಗ ಕೇಳೂದಿದ್ರ ಬಾಯಿಲೆ ಕೇಳ್ರಿ.”

ಕಾರ್ಯದರ್ಶಿ ಜೇಬಿನ ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ತಾಯಿಯನ್ನು ಕೇಳಿದರು:

“ಮನೆಯಲ್ಲಿ ಯಾವ ಭಾಷೆ ಮಾತಾಡುದು ನೀವು?”

ಅವಳು ಅವರ ಎರಡೂ ಕೈಗಳನ್ನು ನೋಡಿದಳು. ನನ್ನ ಕೈಗಳನ್ನೂ ನೋಡಿದಳು. ಯಾರ ಕೈಯಲ್ಲೂ ಕಾಗದವಿರಲಿಲ್ಲ.

“ಕನ್ನಡಾ ರೀ,” ಎಂದಳು. “ಬರೀಬ್ಯಾಡ್ರಿ ಮತ್ತ.”